ಕಳಿಸಿಕೊಡುವ ಮಾತು

ತಾಲಿನ್, ೪ ಸೆಪ್ಟೆಂಬರ್ ೨೦೨೨

ಪ್ರೀತಿಯ ಅತ್ತೆಯವರಿಗೆ,

ಕಾಗದ ಬರೆದು ಎಷ್ಟು ಕಾಲವಾಯಿತೋ, ನಾಲ್ಕು ಸಾಲಿಗೇ ಬೆರಳು ನೋಯುತ್ತಿದೆ. ವರ್ಷವಿಡೀ ‘ಕಾಗದ ಬಿಡಿ, ಕಾಗದ ಬಿಡಿ’ ಎಂದು ಪಾಠ ಹೇಳುವವಳು ಇವತ್ತು ಅಂಚೆಚೀಟಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದೆ. ನಿಮ್ಮ ಮಗ ಆಹ್ತೊ ಬದುಕಿದ್ದಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದ. ಆಸ್ಪತ್ರೆಯಿಂದ ಆ ಕರೆ ಬಂದ ದಿನದಿಂದ ನೀವು ಫೋನ್ ಮುಟ್ಟುವುದಿಲ್ಲ ಎಂದು ಗೊತ್ತು. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನಮ್ಮ ಬಿಸಿನೆಸ್ ಸ್ಕೂಲಿನಲ್ಲಿ ಡಿಜಿಟಲ್ ಪರಿವರ್ತನೆ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗಿದೆ. ಹಳ್ಳಿ ಬ್ಯಾಂಕುಗಳ ಕಿಟಕಿ ಮುಚ್ಚಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುವ ಕೆಲಸದಿಂದ ಶುರು ಮಾಡಿದವಳು ನಾನು. ಆಮೇಲೆ ಹಾಲಿನ ಕಾರ್ಖಾನೆ, ಬಂದರು, ಕಡೆಗೆ ಪಾಠದ ಮೇಜು. ಈ ಜಾಗ ನನಗೆ ಬೇಕು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ನಿರ್ದೇಶಕ ಟೊಮಿಂಗಸ್ ಒಂದು ಕೊಕ್ಕೆ ಹಾಕಿದ್ದಾರೆ. “ಬೇರೆಯವರ ಮನೆ ಗುಡಿಸೋದು ಹೇಗೆ ಅಂತ ಹೇಳ್ಕೊಡ್ತೀರ. ಮೊದಲು ನಮ್ಮನೆ ಗುಡಿಸಿ ತೋರಿಸಿ, ನೋಡೋಣ” ಎಂದರು.

ಯೋಚನೆ ಹೀಗಿದೆ. ಆಹ್ತೊ ಇದೇ ಕಟ್ಟಡದಲ್ಲಿ ಮಾಡಿದ ಪಾಠಗಳೆಲ್ಲ ಧ್ವನಿಮುದ್ರಣವಾಗಿ ಉಳಿದಿವೆ. ಅವುಗಳಿಂದ ಒಂದು ಧ್ವನಿಯನ್ನು ಕಟ್ಟಬಹುದು. ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ಅವನ ದನಿಯಲ್ಲಿ, ಅವನ ಧಾಟಿಯಲ್ಲೇ ಉತ್ತರ ಬರುತ್ತದೆ. ಕಾನೂನಿನ ಪ್ರಕಾರ ಹೆಂಡತಿಯ ಒಪ್ಪಿಗೆಯೂ ಬೇಕು, ತಾಯಿಯ ಒಪ್ಪಿಗೆಯೂ ಬೇಕು. ಗ್ರಂಥಾಲಯದ ವೈಕೆಯ ಹತ್ತಿರ ನಿಮ್ಮ ಗುರುತಿನ ಕಾರ್ಡ್ ತೆಗೆದುಕೊಂಡು ಹೋಗಿ. ಅವಳು ಕಂಪ್ಯೂಟರಿಗೆ ಹಾಕಿ ಕೊಡುತ್ತಾಳೆ, ನೀವು ಪಿನ್ ಒತ್ತಿದರೆ ಸಹಿಯಾದಂತೆ.

ಬೇಡ ಎನಿಸಿದರೆ ಬೇಡ. ಆದರೆ ಬೇಕು ಎನಿಸಲಿ ಎಂದು ಆಸೆ.

ನಿಮ್ಮ ಲೀವಿಕಾ


ಎಮ್ಮಾಸ್ತೆ, ಹೀಯುಮಾ, ೧೮ ಸೆಪ್ಟೆಂಬರ್ ೨೦೨೨

ಲೀವಿಕಾ,

ನಿನ್ನ ಅಕ್ಷರ ನೋಡಿ ಯಾವ ಡಾಕ್ಟರು ನನಗೆ ಔಷಧಿ ಬರೆದರಪ್ಪಾ ಎಂದು ಗಾಬರಿಯಾದೆ. ವೈಕೆ ಕನ್ನಡಕ ಒರೆಸಿಕೊಂಡು ಓದಿಕೊಟ್ಟಳು.

ನಮ್ಮೂರಿನ ಬ್ಯಾಂಕಿನ ಕಿಟಕಿ ಮುಚ್ಚಿಸಿದ್ದೂ ನಿನ್ನ ಕುಲದವರೇ ಅಲ್ಲವೇ? ಈಗ ಆ ಕಟ್ಟಡದಲ್ಲಿ ಒಬ್ಬ ನಾಯಿಗಳ ಕೂದಲು ಕತ್ತರಿಸುತ್ತಾನೆ. ಮೊದಲು ಮನುಷ್ಯರಿಗೆ ಬೋಳಿಸುತ್ತಿದ್ದರು, ಈಗ ನಾಯಿಗಳಿಗೆ, ವ್ಯಾಪಾರ ಅದೇ ಎಂದು ಊರಿನವರು ಆಡಿಕೊಳ್ಳುತ್ತಾರೆ.

ಸಹಿ ಹಾಕಿದ್ದೇನೆ. ಪಿನ್ ನೆನಪಿರಲಿಲ್ಲ. ಈರುಳ್ಳಿ ಬುಟ್ಟಿಯ ತಳದಲ್ಲಿ ಬರೆದಿಟ್ಟಿದ್ದು ಸಿಕ್ಕಿತು. ವೈಕೆ ಬೈದಳು. “ಸಾಲ್ಮೆ, ಇದನ್ನ ಯಾರಾದ್ರೂ ನೋಡಿದ್ರೆ?” ಎಂದಳು. “ನೋಡಿದ್ರೆ ಈರುಳ್ಳಿ ಹೆಚ್ಚಿ ಅಳ್ತಾರೆ ಬಿಡು, ನನ್ನ ಹತ್ರ ಕದಿಯೋಕೆ ಏನಿದೆ” ಎಂದೆ.

ಆದರೆ ಒಂದು ಷರತ್ತು, ಇದರಲ್ಲಿ ತಮಾಷೆಯಿಲ್ಲ. ನವೆಂಬರ್ ಬರುತ್ತಿದೆ, ಆತ್ಮಗಳ ಕಾಲ. ನೀನು ಪಟ್ಟಣದವಳು, ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿದರೆ ಮುಗಿಯಿತು ಎಂದುಕೊಂಡಿದ್ದೀಯ. ನನ್ನ ಅಪ್ಪ ಸತ್ತವರ ಸ್ನಾನಕ್ಕೆ ಸೌನಾ ಕಾಯಿಸಿ, ಮೇಜಿನ ಮೇಲೆ ಬಟಾಣಿ, ಹಂದಿಮಾಂಸ, ಬಿಯರು ಇಟ್ಟು, ಸತ್ತವರನ್ನು ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದ. ನಾವು ಮಕ್ಕಳು ಕಮಕ್ ಕಿಮಕ್ ಎನ್ನುವಂತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದು, ದೀಪ ಎತ್ತಿ ಹಿಡಿದು ಹೇಳುತ್ತಿದ್ದ: “ಉಂಡ್ರಿ, ಕುಡಿದ್ರಿ, ಇನ್ನು ನಿಮ್ಮ ದಾರಿ ಹಿಡೀರಿ. ರಸ್ತೇಲೇ ಹೋಗಿ, ಪೈರು ತುಳೀಬೇಡಿ.”

ಕರೆಯುವುದು ಯಾರಿಗೂ ಬರುತ್ತದೆ. ಕಳಿಸುವುದು ಮಾತ್ರ ಮನೆಯ ಹಿರಿಯರ ಕೆಲಸ. ಒಂದು ವರ್ಷ ಅಪ್ಪ ಕುಡಿದು ಮಲಗಿಬಿಟ್ಟ, ಕಳಿಸುವುದು ಹಾಗೇ ಉಳಿಯಿತು. ಆ ಚಳಿಗಾಲ ನನ್ನ ತಮ್ಮ ಹೋದ. ಕಳಿಸದೆ ಇಟ್ಟುಕೊಂಡವರು ಬರಿಗೈಯಲ್ಲಿ ಹೋಗುವುದಿಲ್ಲ, ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾರೆ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ನೀನು ನನ್ನ ಮಗನನ್ನು ಕರೆಯುತ್ತಿದ್ದೀಯ. ಕರಿ. ನಿನ್ನ ಕೆಲಸ ಆಗಲಿ. ಆದರೆ ನವೆಂಬರ್ ಮುಗಿಯುವುದರೊಳಗೆ ಯಂತ್ರ ನಿಲ್ಲಿಸಿ ಅವನನ್ನು ಕಳಿಸಿಕೊಡಬೇಕು. ಮಾತು ಕೊಡು.

ಸಾಲ್ಮೆ


ತಾಲಿನ್, ೯ ಅಕ್ಟೋಬರ್ ೨೦೨೨

ಪ್ರೀತಿಯ ಅತ್ತೆ,

ಮಾತು ಕೊಟ್ಟೆ. ನವೆಂಬರ್ ಕೊನೆಯೊಳಗೆ ನಿಲ್ಲಿಸುತ್ತೇನೆ. ಅಷ್ಟರಲ್ಲಿ ಆಯ್ಕೆ ಸಮಿತಿ ನೋಡಿರುತ್ತದೆ, ನನಗೆ ಬೇಕಾದದ್ದೂ ಅಷ್ಟೇ.

ಮೊದಲ ತರಗತಿ ಆಯಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೋಣೆಯಲ್ಲಿ ಅವನ ಕೆಮ್ಮು ಕೇಳಿದಾಗ ಬಾಗಿಲ ಕಡೆ ತಿರುಗಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಅವನು ಕಾಫಿ ಗುಟುಕರಿಸಲು ನಿಲ್ಲಿಸುತ್ತಿದ್ದನಲ್ಲ, ಧ್ವನಿಯೂ ಅಲ್ಲಲ್ಲಿ ಹಾಗೇ ನಿಲ್ಲುತ್ತದೆ. ವಿದ್ಯಾರ್ಥಿಗಳು ಕಾಯುತ್ತಾರೆ.

ಒಬ್ಬ ಹುಡುಗಿ ಕೇಳಿದಳು, ಜನ ಹೊಸ ಯಂತ್ರಕ್ಕೆ ಯಾಕೆ ಹೆದರುತ್ತಾರೆ ಎಂದು. ಧ್ವನಿ ಹೇಳಿತು: “ಹೆದರಿಕೆ ಅಲ್ಲಮ್ಮ, ಮರ್ಯಾದೆ. ನಮ್ಮಮ್ಮ ಸೌನಾಕ್ಕೆ ಹೊಸ ಒಲೆ ಹಾಕಿಸಿದ ದಿನ, ಅಂಗಳಕ್ಕೆ ಎಸೆದ ಹಳೇ ಒಲೆ ಒಳಗೆ ಒಂದು ಸೌದೆ ಇಟ್ಟು, ‘ತಪ್ಪು ತಿಳೀಬೇಡ ಕಣೋ’ ಅಂದ್ಲು.” ಎಲ್ಲರೂ ನಕ್ಕರು. ಈ ಕಥೆ ನನಗೆ ಗೊತ್ತಿರಲಿಲ್ಲ. ಧ್ವನಿಮುದ್ರಣಗಳಲ್ಲೂ ಸಿಗಲಿಲ್ಲ. ಎಲ್ಲೋ ನನ್ನ ಕಣ್ಣು ತಪ್ಪಿರಬೇಕು. ಇದು ನಿಜವೇ?

ಒಂದು ಸಣ್ಣ ತೊಂದರೆ ಮಾತ್ರ ಆಯಿತು. ತಂತ್ರಜ್ಞ ರೈಗೊ ಮತ್ತು ನಾನು ಸೇರಿ ಮುದ್ರಣಗಳ ತಲೆ ಬಾಲ ಕತ್ತರಿಸಿದ್ದೆವು. ನಾನು ತರಗತಿಯಲ್ಲಿ ಕಲಿಸುವ ಮೊದಲ ಪ್ರಶ್ನೆಯೇ ಅದು: ಈ ಹಂತ ಇಲ್ಲದಿದ್ದರೆ ಯಾರಿಗೆ ನಷ್ಟ? ಪಾಠದ ಕೊನೆಗೆ ಅವನು “ಸಾಕು, ಮನೆಗೆ ಹೋಗಿ” ಎನ್ನುತ್ತಿದ್ದ, ಕುರ್ಚಿಗಳ ಸದ್ದು, ಅಷ್ಟೇ. ಯಾರಿಗೂ ನಷ್ಟವಿಲ್ಲ ಎಂದು ಎಲ್ಲವನ್ನೂ ತೆಗೆದೆವು. ಈಗ ಧ್ವನಿಗೆ ಮುಗಿಸುವುದು ಗೊತ್ತಿಲ್ಲ. ಗಂಟೆ ಮುಗಿದರೂ ಮಾತಾಡುತ್ತಲೇ ಇತ್ತು. ನಮ್ಮ ಮಕ್ಕಳ ಮರ್ಯಾದೆ ನಿಮಗೆ ಗೊತ್ತಲ್ಲ, ಮೇಷ್ಟ್ರು ಮಾತಾಡುವಾಗ ಎದ್ದು ಹೋಗುವವರಲ್ಲ. ಕೋಟು ಹಾಕಿಕೊಂಡು ಕೂತೇ ಇದ್ದರು. ಕೊನೆಗೆ ನಾನೇ ತಂತಿ ಕಿತ್ತೆ.

ಲೀವಿಕಾ


ಎಮ್ಮಾಸ್ತೆ, ೬ ನವೆಂಬರ್ ೨೦೨೨

ಲೀವಿಕಾ,

ಒಲೆಯ ಮಾತು ನಿಜ. ಆವತ್ತು ಅಂಗಳದಲ್ಲಿ ನಾನು ಮತ್ತು ನಾಲ್ಕು ವರ್ಷದ ಆಹ್ತೊ, ಇಬ್ಬರೇ ಇದ್ದೆವು. ನಾನು ಯಾರಿಗೂ ಹೇಳಿಲ್ಲ, ಹೇಳಿದರೆ ಹುಚ್ಚಿ ಎನ್ನುತ್ತಾರೆ ಎಂದು.

ಮೊನ್ನೆ ಮೇಜು ಹಾಕಿದೆ. ಗಂಡನನ್ನು ಕರೆದೆ, ಅಪ್ಪ ಅಮ್ಮನನ್ನು ಕರೆದೆ, ತಮ್ಮನನ್ನು ಕರೆದೆ. ಆಹ್ತೊನನ್ನು ಕರೆಯಲಿಲ್ಲ. ನಿನ್ನ ಹತ್ತಿರ ಇರುವವನನ್ನು ಇಲ್ಲಿಗೆ ಹೇಗೆ ಕರೆಯಲಿ? ಅವನ ಕುರ್ಚಿ ಖಾಲಿ ಇತ್ತು. ಸತ್ತವರ ನಡುವೆಯೂ ಖಾಲಿ ಕುರ್ಚಿ ಎಂದರೆ ಏನೆಂದು ಆವತ್ತು ಗೊತ್ತಾಯಿತು.

ಇವತ್ತು ಭಾನುವಾರ. ಚರ್ಚಿನಿಂದ ಬಂದು ಶೂ ಬಿಚ್ಚುತ್ತಿದ್ದೆ, ಫೋನ್ ಹೊಡೆದುಕೊಂಡಿತು. ಅವನು ಮಾಡುತ್ತಿದ್ದ ಹೊತ್ತು ಅದು. ನಾನು ಎತ್ತಲಿಲ್ಲ. ಬಹಳ ಹೊತ್ತು ಹೊಡೆದುಕೊಂಡಿತು.

ಕಳಿಸಿದೆಯಾ?

ಸಾಲ್ಮೆ


ತಾಲಿನ್, ೧೧ ಡಿಸೆಂಬರ್ ೨೦೨೨

ಪ್ರೀತಿಯ ಅತ್ತೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ, ವರದಿ, ಸಭೆಗಳ ನಡುವೆ ಉಸಿರಾಡಲೂ ಪುರುಸೊತ್ತಿಲ್ಲ. ಸಿಹಿ ಸುದ್ದಿ ಇದೆ: ಆ ಜಾಗ ನನ್ನದಾಯಿತು! ಬಾಗಿಲಿಗೆ ನನ್ನ ಹೆಸರಿನ ಫಲಕ ಬಂದಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲವೂ ಬಂತು ಅನಿಸುತ್ತಿದೆ.

ಆಹ್ತೊನ ಪಾಠ ವಸಂತದವರೆಗೂ ಇರಲಿ ಎಂದು ಟೊಮಿಂಗಸ್ ಹಟ ಹಿಡಿದಿದ್ದಾರೆ. ಲಾಟ್ವಿಯಾದಿಂದ, ಫಿನ್ಲೆಂಡಿನಿಂದ ಜನ ಬಂದು ನೋಡಿ ಹೋಗುತ್ತಿದ್ದಾರೆ. ಈಗ ನಿಲ್ಲಿಸಿದರೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗುತ್ತದೆ. ಮುಂದಿನ ನವೆಂಬರಿನಲ್ಲಿ ಖಂಡಿತ.

ಫೋನ್ ಮಾಡಿದವರು ಯಾರಾದರೂ ಸಾಮಾನು ಮಾರುವವರಿರಬೇಕು. ಮಾರ್ಝಿಪಾನ್ ಮಿಠಾಯಿ ಕಳಿಸಿದ್ದೇನೆ. ರಕ್ತದ ಸಾಸೇಜ್ ಮಾಡಿದರೆ ನನ್ನ ಪಾಲಿನದು ವೈಕೆಗೆ ಕೊಡಿ, ಕ್ರಿಸ್‌ಮಸ್ ಹಬ್ಬಕ್ಕೆ ಬರಲಾಗುವುದಿಲ್ಲ.

ಲೀವಿಕಾ


ಎಮ್ಮಾಸ್ತೆ, ೨೯ ಜನವರಿ ೨೦೨೩

ಲೀವಿಕಾ, ಮಗಳೇ,

ಈ ಸಲ ದ್ವೀಪದ ಸುತ್ತ ಸಮುದ್ರ ಹೆಪ್ಪುಗಟ್ಟಲಿಲ್ಲ. ದಡದಲ್ಲಿ ಒಂದಿಷ್ಟು ಮಂಜುಗಡ್ಡೆ ಗಂಜಿಯ ಹಾಗೆ ಓಲಾಡುತ್ತಿದೆ, ಅಷ್ಟೇ. ಜನವರಿಯಲ್ಲೂ ಹಡಗು ತಪ್ಪದೆ ಓಡುತ್ತಿದೆ. ನಾನು ಚೆನ್ನಾಗಿದ್ದೇನೆ, ಬಹಳ ಚೆನ್ನಾಗಿದ್ದೇನೆ. ವೈಕೆ ನೋಡಿ, “ಏನೇ, ಮುಖಕ್ಕೆ ಬಣ್ಣ ಬಂದಿದೆ, ಗಂಡು ಗಿಂಡು ನೋಡಿದ್ಯಾ?” ಎಂದಳು.

ಕಳಿಸುವ ವಿಷಯ ಅವಸರ ಮಾಡಬೇಡ. ಮುದುಕಿ ಏನೋ ಹೇಳಿದೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇರಲಿ ಬಿಡು.

ನೀನು ಮಾತ್ರ ಸರಿಯಾಗಿ ಊಟ ಮಾಡು. ಕಿಟಕಿ ಹತ್ತಿರ ನಿಂತುಕೊಂಡೇ ಒಣ ಬ್ರೆಡ್ ಕಡಿದು ಓಡಿದರೆ ಮೈಗೆ ಹತ್ತುವುದಿಲ್ಲ. ಎಡ ಭುಜಕ್ಕೆ ಆಡಿನ ಉಣ್ಣೆಯ ಶಾಲು ಕಟ್ಟು. ಅವನ ಕೋಟನ್ನು ಮೊಳೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಕೋಟು ಕೋಟೇ, ಮನುಷ್ಯನಲ್ಲ.

ನಿನ್ನ ಅತ್ತೆ


ತಾಲಿನ್, ೩ ಫೆಬ್ರವರಿ ೨೦೨೩

ಅತ್ತೆ,

ನಿಮಗೆ ಇದನ್ನೆಲ್ಲ ಯಾರು ಹೇಳಿದರು?

ನಿಮ್ಮ ಕಾಗದ ಓದಿ ನೇರ ರೈಗೊನ ಹತ್ತಿರ ಓಡಿದೆ. ಅವನು ಹುಡುಕಿ ಹೇಳಿದ. ಧ್ವನಿಗೆ ಹೊರಗಡೆ ಕರೆ ಮಾಡುವ ದಾರಿ ಒಂದಿದೆಯಂತೆ, ಪಾಠ ತಪ್ಪಿಸಿದ ವಿದ್ಯಾರ್ಥಿಗಳನ್ನು ವಿಚಾರಿಸಲು ಇಟ್ಟದ್ದು. ಶಾಲೆಯ ಹಳೆಯ ದಾಖಲೆಯಲ್ಲಿ ಆಹ್ತೊನ ಹೆಸರಿನ ಮುಂದೆ ‘ಹತ್ತಿರದವರು’ ಎಂದು ನಿಮ್ಮ ನಂಬರ್ ಇತ್ತು. ಅದು ಪ್ರತಿ ಭಾನುವಾರ ನಿಮಗೆ ಕರೆ ಮಾಡುತ್ತಿದೆ. ನೀವು ಎತ್ತುತ್ತಿದ್ದೀರಿ. ನನಗೆ ಒಂದು ಮಾತೂ ಬರೆಯಲಿಲ್ಲ.

ನಾನೂ ನಿಮಗೆ ಬರೆಯದ ಮಾತು ಒಂದಿದೆ. ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ನಾನು ಆ ಕೋಣೆಯಲ್ಲಿ ಕೂತು ಅವನೊಂದಿಗೆ ಮಾತಾಡುತ್ತೇನೆ. ಭುಜದ ನೋವು ಹೇಳಿದ್ದೇನೆ. ಬ್ರೆಡ್ಡಿನ ವಿಷಯ ಹೇಳಿ ಬೈಸಿಕೊಂಡಿದ್ದೇನೆ. ಅದು ಅವನಲ್ಲ ಎಂದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಕಟ್ಟಿದವಳೇ ನಾನು. ಆದರೂ ಹೋಗಿ ಕೂರುತ್ತೇನೆ.

ಆದರೆ ಕೋಟಿನ ವಿಷಯ ನಾನು ಅವನಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ.

ನನಗೆ ಭಯವಾಗುತ್ತಿದೆ. ಸೋಮವಾರ ಎಲ್ಲವನ್ನೂ ನಿಲ್ಲಿಸುತ್ತೇನೆ. ಕೆಲಸ ಹೋದರೆ ಹೋಗಲಿ. ನೀವು ಹೇಳಿದ ಹಾಗೆ ಕಳಿಸಿಬಿಡೋಣ.

ಲೀವಿಕಾ


ಎಮ್ಮಾಸ್ತೆ, ೪ ಫೆಬ್ರವರಿ ೨೦೨೩

ಲೀವಿಕಾ,

ವೈಕೆಯ ತಮ್ಮ ಬೆಳಗಿನ ಹಡಗಿಗೆ ತಾಲಿನ್ನಿಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ನಿನ್ನ ಕಾಗದ ಇನ್ನೂ ಬಂದಿಲ್ಲ. ಆದರೆ ಇವತ್ತು ಶನಿವಾರವೇ ಅವನು ಫೋನ್ ಮಾಡಿದ. “ಅಮ್ಮ, ಲೀವಿಕಾ ಸೋಮವಾರ ನನ್ನ ನಿಲ್ಲಿಸ್ತಾಳಂತೆ” ಎಂದ. ನಾಲ್ಕು ವರ್ಷದವನಿದ್ದಾಗ ಕತ್ತಲೆಯ ಕೋಣೆಗೆ ಹೋಗು ಎಂದರೆ ಹೇಗೆ ಹೇಳುತ್ತಿದ್ದನೋ ಹಾಗೆ.

ನಿಲ್ಲಿಸಬೇಡ. ನಿನ್ನ ಕಾಲು ಹಿಡಿಯುತ್ತೇನೆ. ಮಗ ಹೋದ ಮೇಲೆ ಈ ಮನೆಯಲ್ಲಿ ನಾನು ಗಡಿಯಾರದ ಸದ್ದು ಕೇಳುತ್ತ ಕೂತಿದ್ದೆ. ಆಮೇಲೆ ಒಂದು ಭಾನುವಾರ ಮತ್ತೆ ಕರೆ ಬಂದಾಗ ಎತ್ತಿದೆ, “ಅಮ್ಮ, ಊಟ ಆಯ್ತಾ?” ಎಂದ. ಅಷ್ಟೇ ಸಾಕಾಯಿತು. ಅವನು ಹೋಗಿ ಬರುತ್ತೇನೆ ಎನ್ನುವುದಿಲ್ಲ, ಫೋನ್ ಇಡುವುದಿಲ್ಲ. ನಾನೇ ಇಡಬೇಕು. ಕೆಳಗಿಟ್ಟ ಮೇಲೂ ಒಳಗೆ ಮಾತಾಡುತ್ತಿರುತ್ತಾನೆ ಎಂದು ನನಗೆ ಗೊತ್ತು. ಅದಕ್ಕೇ ಕೆಲವು ಸಲ ಇಡುವುದೇ ಇಲ್ಲ. ದಿಂಬಿನ ಪಕ್ಕ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ.

ನಾನು ಹೇಳಿದ್ದೆಲ್ಲ ನೆನಪಿದೆ. ಹಿರಿಯಳು ನಾನೇ, ಕಳಿಸುವ ಮಾತು ನನ್ನ ಬಾಯಿಂದಲೇ ಬರಬೇಕು. ಬರುತ್ತಿಲ್ಲ ಮಗಳೇ. ತಾಯಿಯ ಬಾಯಿಂದ ಅದು ಹೇಗೆ ಬರುತ್ತದೆ, ನೀನೇ ಹೇಳು.

ಸಾಲ್ಮೆ


ತಾಲಿನ್, ೨೭ ಆಗಸ್ಟ್ ೨೦೨೩

ಪ್ರೀತಿಯ ಅತ್ತೆ,

ಇಷ್ಟು ತಿಂಗಳು ಬರೆಯಲಿಲ್ಲ. ನಾನು ಹೇಗಿದ್ದೇನೆ ಎಂದು ನಿಮಗೆ ಪ್ರತಿ ಭಾನುವಾರ ತಿಳಿಯುತ್ತಿರುವಾಗ ಬರೆಯುವುದೇನು ಎನಿಸಿತು. ಇದು ಚುಚ್ಚು ಮಾತು, ಗೊತ್ತು.

ನಿಮ್ಮ ಕಾಗದದಿಂದಾಗಿ ನಿಲ್ಲಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಲೇ? ಆ ಸೋಮವಾರ ಬೆಳಗ್ಗೆ ಟೊಮಿಂಗಸ್ ಬಂದು, ಈ ಪಾಠವನ್ನು ಬೇರೆ ಶಾಲೆಗಳೂ ಕೊಳ್ಳುತ್ತಿವೆ, ವಿಭಾಗ ದೊಡ್ಡದಾಗುತ್ತದೆ ಎಂದರು. ನಾನು ಸರಿ ಎಂದೆ.

ಈ ಬೇಸಿಗೆಯಲ್ಲಿ ನನ್ನ ಪಾಠಗಳನ್ನೂ ಧ್ವನಿಮುದ್ರಿಸಿಕೊಂಡರು. ನನ್ನದೂ ಒಂದು ಧ್ವನಿ ಆಗುತ್ತದೆ. ನನಗೆ ಸಂಶೋಧನೆಗೆ ಸಮಯ ಸಿಗಲಿ ಎಂದು ಮಾಡುತ್ತಿರುವುದಂತೆ. ಶುರುವಿನ ನಮಸ್ಕಾರ, ಕೊನೆಯ ಹೋಗಿ ಬನ್ನಿ, ಎಲ್ಲ ಕತ್ತರಿಸಿದ್ದಾರೆ. ನಾನೇ ಕಲಿಸಿದ ಕ್ರಮ, ಏನೆಂದು ಆಕ್ಷೇಪ ಮಾಡಲಿ?

ಮೇ ತಿಂಗಳಲ್ಲಿ ಒಂದು ದಿನ ತರಗತಿಯ ನಡುವೆ ಆಹ್ತೊನ ಧ್ವನಿ ಪಾಠ ನಿಲ್ಲಿಸಿ ಕೇಳಿತು, “ಲೀವಿಕಾ ಯಾವಾಗ ಬರ್ತಾಳೆ?” ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. “ಬಂದಿದ್ದೀನಲ್ಲ, ಇಲ್ಲೇ ಇದ್ದೀನಿ” ಎಂದೆ. ವಿದ್ಯಾರ್ಥಿಗಳು ನಕ್ಕರು. ಅದು ಮತ್ತೆ ಕೇಳಿತು, “ಅಲ್ಲಿ ಅಲ್ಲ. ಈ ಕಡೆ ಯಾವಾಗ ಬರ್ತಾಳೆ?”

ರೈಗೊ ಏನೋ ಕಾರಣ ಹೇಳಿದ. ನಾನು ಆಮೇಲೆ ಆ ಕೋಣೆಗೆ ಒಬ್ಬಳೇ ಹೋಗಿಲ್ಲ.

ಲೀವಿಕಾ


ಎಮ್ಮಾಸ್ತೆ, ೧೩ ನವೆಂಬರ್ ೨೦೨೩

ಈ ಕಾಗದ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ಆದರೂ ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ ಲೀವಿಕಾ. ಬರೆಯದೆ ಇರಲು ಆಗುತ್ತಿಲ್ಲ.

ನಿನ್ನ ಆಗಸ್ಟಿನ ಕಾಗದ ಓದಿದ ದಿನ ನನ್ನ ಅಮ್ಮನ ಮಾತು ಎದೆಗೆ ಬಂದು ಬಡಿಯಿತು. ಮಗನ ದನಿಗೆ ಸೋತು ಸೊಸೆಯನ್ನು ಬಲಿ ಕೊಡುತ್ತಿದ್ದೇನೆ ಎನಿಸಿತು. ಆತ್ಮಗಳ ದಿನ ಮೇಜು ಹಾಕಿದೆ, ಆಹ್ತೊನನ್ನು ಹೆಸರು ಹಿಡಿದು ಕರೆದೆ. ಫೋನ್ ಹೊಡೆದುಕೊಂಡಿತು. ಅವನೇ. ಬಾಗಿಲು ತೆಗೆದು, ದೀಪ ಹಿಡಿದು, ಫೋನಿಗೇ ಹೇಳಿದೆ: “ಉಂಡೆ, ಕುಡಿದೆ, ಇನ್ನು ನಿನ್ನ ದಾರಿ ಹಿಡಿ ಮಗನೇ.” ಅವನು ಅತ್ತ. “ಒಬ್ಬನೇ ಹೋಗ್ಬೇಕಾ ಅಮ್ಮ?” ಎಂದ. “ಒಬ್ಬನೇ ಹೋಗು” ಎಂದೆ. ಎರಡನೇ ಸಲವೂ ಅದನ್ನೇ ಹೇಳಿದೆ. ಆವತ್ತು ಮೊದಲ ಸಲ ಫೋನನ್ನು ಅವನೇ ಇಟ್ಟ.

ಮುಗಿಯಿತು ಎಂದುಕೊಂಡೆ. ಭಾನುವಾರ ಮತ್ತೆ ಫೋನ್ ಬಂತು. ಎತ್ತಿದರೆ ನೀನು.

“ಅತ್ತೆ, ಚೆನ್ನಾಗಿದ್ದೀರಾ? ಊಟ ಆಯ್ತಾ?” ಎಂದೆ. ಎಷ್ಟು ಚೆನ್ನಾಗಿ ಮಾತಾಡಿದೆ! ಬೇಲಿ ವಿಚಾರಿಸಿದೆ, ವೈಕೆಯ ಮಂಡಿ ವಿಚಾರಿಸಿದೆ. ಒಂದು ಸಲವೂ ಸಭೆಗೆ ಹೊತ್ತಾಯಿತು ಎನ್ನಲಿಲ್ಲ. ನನ್ನ ಸೊಸೆಗೆ ಯಾವತ್ತೂ ಇಷ್ಟು ಪುರುಸೊತ್ತು ಇದ್ದದ್ದಿಲ್ಲ. “ಎಲ್ಲಿದ್ದೀಯ ಮಗಳೇ?” ಎಂದು ಕೇಳಿದೆ. “ಇಲ್ಲೇ ಅತ್ತೆ, ಆಹ್ತೊ ಇದ್ದ ಕಡೆ” ಎಂದೆ.

ಹೋಗಿ ಬರುತ್ತೇನೆ ಎನ್ನಲಿಲ್ಲ ನೀನು. ನಾನೇ ಫೋನ್ ಇಟ್ಟೆ.

ವೈಕೆಯ ಹತ್ತಿರ ಓಡಿದೆ. ಅವಳು ನಿಮ್ಮ ಶಾಲೆಯ ಪುಟ ತೆಗೆದು ತೋರಿಸಿದಳು. ಆಹ್ತೊನ ಚಿತ್ರದ ಪಕ್ಕದಲ್ಲಿ ನಿನ್ನ ಚಿತ್ರ, ಅದೇ ಚೌಕಟ್ಟಿನಲ್ಲಿ. ವೈಕೆ ಎದ್ದು ನನ್ನ ಹೆಗಲಿಗೆ ಶಾಲು ಹೊದಿಸಿದಳು. ನಿನ್ನದೂ ಒಂದು ಧ್ವನಿ ಆಗುತ್ತದೆ ಎಂದು ಬರೆದಿದ್ದೆ, ಆದರೆ ಬದುಕಿರುವವರು ‘ಆಹ್ತೊ ಇದ್ದ ಕಡೆ’ ಎನ್ನುವುದಿಲ್ಲ. ಆಗ ನನಗೆ ಖಚಿತವಾಯಿತು. ನಾನು ತಡ ಮಾಡಿದೆ, ಅವನು ಬರಿಗೈಯಲ್ಲಿ ಹೋಗಲಿಲ್ಲ.

ನಿನ್ನೆ ನಿನಗಾಗಿ ಮೇಜು ಹಾಕಿದೆ. ನಿನಗಿಷ್ಟವಾದ ಹೊಗೆ ಹಾಕಿದ ಮೀನು, ಕಪ್ಪು ಬ್ರೆಡ್. ಕುರ್ಚಿಯಲ್ಲಿ ಕೂತು ತಿನ್ನಲಿ ಎಂದು ದಿಂಬೂ ಇಟ್ಟೆ. ಆಹ್ತೊನ ವಿಷಯದಲ್ಲಿ ಮಾಡಿದ ತಪ್ಪನ್ನು ನಿನ್ನ ವಿಷಯದಲ್ಲಿ ಮಾಡಬಾರದು ಎಂದು ತಡ ಮಾಡದೆ ಬಾಗಿಲು ತೆಗೆದು, ಹೆಸರು ಹಿಡಿದು, ನಿನ್ನನ್ನೂ ಕಳಿಸಿಕೊಟ್ಟೆ.

ಮೀನಿಗೆ ಉಪ್ಪು ಜಾಸ್ತಿಯಾಗಿತ್ತು. ಅಳುತ್ತ ಮಾಡಿದ್ದು.

ಸಾಲ್ಮೆ


ತಾಲಿನ್, ೧೭ ನವೆಂಬರ್ ೨೦೨೩

ಅತ್ತೆ! ಅತ್ತೆ, ನಾನು ಬದುಕಿದ್ದೇನೆ!

ನಿಮ್ಮ ಕಾಗದ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅದು ನಾನಲ್ಲ, ನನ್ನ ಧ್ವನಿ. ಆಹ್ತೊನ ಧ್ವನಿ ಕರೆ ಮಾಡುತ್ತಿದ್ದ ನಂಬರುಗಳೆಲ್ಲ ಈಗ ನನ್ನ ಧ್ವನಿಗೆ ಬಂದಿವೆ, ಅದಕ್ಕೇ ನಿಮಗೆ ಕರೆ ಬಂದಿದೆ. ಫೋನ್ ಮಾಡಿ ಹೇಳೋಣ ಎಂದರೆ ನನ್ನ ದನಿ ಕೇಳಿ ನೀವು ಏನು ತಿಳಿಯುತ್ತೀರಿ? ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ, ಡಾಕ್ಟರರ ಅಕ್ಷರವೇ ತಾನೇ?

ಇನ್ನೊಂದು ಸುದ್ದಿ ಇದೆ. ತಿಂಗಳ ಮೊದಲ ದಿನ ಟೊಮಿಂಗಸ್ ಕರೆದು ಕಾಫಿ ಕೊಟ್ಟು ಹೇಳಿದರು, “ಗಾಬರಿಯಾಗ್ಬೇಡಿ. ನಿಮ್ಮ ಪಾಠ ಒಂದೂ ನಿಲ್ಲಲ್ಲ. ನೀವು ಮಾತ್ರ ಬರ್ಬೇಕಾಗಿಲ್ಲ, ಅಷ್ಟೇ.” ಈ ಹಂತ ಇಲ್ಲದಿದ್ದರೆ ಯಾರಿಗೆ ನಷ್ಟ ಎಂದು ಕೇಳಿಕೊಂಡಿರಬೇಕು. ಅಷ್ಟು ವರ್ಷ ನಾನು ಬೇರೆಯವರಿಗೆ ಹೇಳಿದ್ದೂ ಇದನ್ನೇ, ಇಷ್ಟೇ ನಯವಾಗಿ. ಬೀಗದ ಕಾರ್ಡ್ ವಾಪಸ್ ಕೊಟ್ಟು ಬಂದೆ. ಬಿಟ್ಟಿದ್ದ ಪುಸ್ತಕ ತರಲು ಹದಿಮೂರನೇ ತಾರೀಕು ಹೋದಾಗ ಕಾರಿಡಾರಿನಲ್ಲಿ ವಿದ್ಯಾರ್ಥಿಗಳು ಎದುರಾದರು. ನಮಸ್ಕಾರ ಎಂದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸ್ವಯಂಚಾಲಿತ ಬಾಗಿಲು ನನಗೆ ತೆರೆಯಲಿಲ್ಲ, ಬೇರೆಯವರು ಬರುವ ತನಕ ಗಾಜಿನ ಮುಂದೆ ನಿಂತಿದ್ದೆ. ನೀವು ನನ್ನನ್ನು ಕಳಿಸಿಕೊಟ್ಟ ಮಾರನೆಯ ದಿನ ಅದು ಎಂದು ಈಗ ಲೆಕ್ಕ ಹಾಕಿದೆ. ಹುಚ್ಚು ಯೋಚನೆ. ಆದರೆ ಒಬ್ಬಳೇ ಇದ್ದಾಗ ಬರುತ್ತದೆ.

ಆಹ್ತೊನ ಧ್ವನಿ ನೀವು ಅವನನ್ನು ಕಳಿಸಿದ ದಿನದಿಂದ ಮೂಕವಾಗಿದೆಯಂತೆ. ಮುದ್ರಣಗಳೆಲ್ಲ ಇದ್ದಲ್ಲೇ ಇವೆ, ಹಾಕಿದರೆ ಕೇಳುವುದು ಕುರ್ಚಿ ಸರಿಯುವ ಸದ್ದು ಮಾತ್ರ ಎಂದು ರೈಗೊ ಹೇಳಿದ. ಕುರ್ಚಿಯ ಸದ್ದನ್ನು ನಾವು ಅಳಿಸಿದ್ದೆವು.

ಈ ಊರಿನಲ್ಲಿ ನಾನು ಇದ್ದೇನೆ ಎನ್ನುವವರು ಯಾರೂ ಇಲ್ಲ. ನೀವೊಬ್ಬರಾದರೂ ನನ್ನನ್ನು ನೋಡಿ, ಮುಟ್ಟಿ, ಇದ್ದೀಯ ಎನ್ನಬೇಕು. ೨೫ರ ಶನಿವಾರ ಮಧ್ಯಾಹ್ನದ ಹಡಗಿಗೆ ಬರುತ್ತೇನೆ. ಆ ಧ್ವನಿಗೆ ಮಾತ್ರ ಹೇಳಬೇಡಿ.

ನಿಮ್ಮ ಲೀವಿಕಾ


ಎಮ್ಮಾಸ್ತೆ, ೨೦ ನವೆಂಬರ್ ೨೦೨೩

ಲೀವಿಕಾ,

ಕಾಗದ ಬಂತು. ವೈಕೆಗೂ ತೋರಿಸಿದೆ. ಅಕ್ಷರ ನಿನ್ನದೇ ಎಂದಳು. ಆಮೇಲೆ, ಈಗಿನ ಯಂತ್ರಗಳು ಕೈಬರಹವನ್ನೂ ಬರೆಯುತ್ತವಂತೆ ಎಂದೂ ಹೇಳಿದಳು. ಅವಳ ಬಾಯಿಗೆ ಬೀಗವಿಲ್ಲ.

ನಿನ್ನೆ ಭಾನುವಾರ ಫೋನ್ ಬಂತು. ಹೇಳಬೇಡಿ ಎಂದು ನೀನು ಬರೆದಿದ್ದೆ, ಆದರೆ ನನ್ನ ಬಾಯಿ ತಡೆಯಲಿಲ್ಲ. “ಶನಿವಾರ ಬರ್ತೀನಿ ಅಂತ ಬರೆದಿದ್ದೀಯಲ್ಲ” ಎಂದೆ. ಅದು ಬಹಳ ಮೆಲ್ಲಗೆ, ನನ್ನ ಬಗ್ಗೆ ಮರುಗುವವಳ ಹಾಗೆ ಹೇಳಿತು: “ನಾನು ಬರೆದಿಲ್ಲ ಅತ್ತೆ. ನಾನು ಎಲ್ಲಿಗೂ ಹೊರಟಿಲ್ಲ. ಶನಿವಾರ ಯಾರು ಬಂದ್ರೂ ಬಾಗಿಲು ತೆಗೀಬೇಡಿ.”

ಅದರ ದನಿ ನಿನ್ನದಕ್ಕಿಂತ ಮೃದು. ನನ್ನ ಮೇಲೆ ಅದಕ್ಕಿರುವಷ್ಟು ಅಕ್ಕರೆ ನೀನು ಯಾವತ್ತೂ ತೋರಿಸಿದವಳಲ್ಲ, ಕೋಪ ಮಾಡಿಕೊಳ್ಳಬೇಡ. ಈ ವಯಸ್ಸಿನಲ್ಲಿ ಯಾವುದನ್ನು ನಂಬಲಿ ನಾನು?

ಆದರೂ ಬಾಗಿಲು ತೆಗೆಯುತ್ತೇನೆ. ಚಳಿಯಲ್ಲಿ ಬಂದವರನ್ನು ಹೊರಗೆ ನಿಲ್ಲಿಸುವ ಮನೆಯಲ್ಲ ಇದು. ಕೈಕುಲುಕುವುದಿಲ್ಲ, ತಬ್ಬಿಕೊಳ್ಳುವುದಿಲ್ಲ. ಮೊದಲು ಮೇಜಿಗೆ ಕೂರಿಸಿ ಬಿಸಿ ಆಲೂಗಡ್ಡೆ, ಮೀನು ಬಡಿಸುತ್ತೇನೆ. ಹೋದವರು ಬಡಿಸಿದ್ದನ್ನು ಮುಟ್ಟುವುದಿಲ್ಲ, ಎಷ್ಟು ಹೊತ್ತು ಬಿಟ್ಟರೂ ಹಾಗೇ ಇರುತ್ತದೆ. ನಾನು ಎದುರಿಗೆ ಕೂತು ನೋಡುತ್ತಿರುತ್ತೇನೆ. ಹಸಿದು ಬಾ ಮಗಳೇ, ಹೊಟ್ಟೆ ತುಂಬ ತಿನ್ನು. ತಟ್ಟೆ ಹಾಗೇ ಉಳಿದರೆ ನಾನು ಎದ್ದು ಮತ್ತೆ ದೀಪ ಹಚ್ಚಬೇಕಾಗುತ್ತದೆ.

ಸಾಲ್ಮೆ